ಒಗ್ಗದ ಆಹಾರ ಮತ್ತು ಹೊಸ ಪಥ್ಯಗಳು
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಬಿಸಿಯೂಟದ ಪಂಕ್ತಿಯಲ್ಲಿ ಮಗುವೊಂದು ಮೊಟ್ಟೆ ಬೇಡವೆಂದರೆ ಅದನ್ನು ಮನೆಯ ಪದ್ಧತಿಯೆಂದೋ ಹಟವೆಂದೋ ಭಾವಿಸುವುದು ವಾಡಿಕೆ. ಆ ಆಹಾರವೇ ಮಗುವಿನ ದೇಹಕ್ಕೆ ಒಗ್ಗದಿರಬಹುದೆಂದು ಯೋಚಿಸುವವರು ವಿರಳ. ಮೊಟ್ಟೆ, ಹಾಲು, ಶೇಂಗಾ, ಗೋಧಿ, ಸೋಯಾ, ಮೀನು, ಸೀಗಡಿ ಮುಂತಾದವುಗಳಲ್ಲಿ ಯಾವುದಾದರೊಂದನ್ನು ತಿಂದ ಕೆಲವೇ ನಿಮಿಷಗಳಲ್ಲಿ ಕೆಲವರಿಗೆ ಮೈಮೇಲೆ ಗಂಧೆ ಏಳುತ್ತದೆ, ತುಟಿ ಊದಿಕೊಳ್ಳುತ್ತದೆ, ವಾಂತಿಯಾಗುತ್ತದೆ. ಉಸಿರು ಕಟ್ಟತೊಡಗಿದರೆ ಅದು ಪ್ರಾಣಾಪಾಯ. ಆಗ ಮನೆಮದ್ದಿಗೆ ಸಮಯವಿಲ್ಲ. ಒಡನೆಯೇ 108ಕ್ಕೆ ಕರೆ ಮಾಡಬೇಕು. ಮಗುವನ್ನು ಎಬ್ಬಿಸಿ ನಡೆಸಬಾರದು. ಅಡ್ರಿನಲಿನ್ ಚುಚ್ಚುಮದ್ದೇ ಇದರ ಮುಖ್ಯ ಚಿಕಿತ್ಸೆ.

ಹಾಲು ಕುಡಿದಾಗ ಹೊಟ್ಟೆ ಉಬ್ಬರಿಸುವುದು ಬೇರೆಯ ಸಂಗತಿ. ಅದು ಹಾಲಿನಲ್ಲಿರುವ ಸಕ್ಕರೆ ಜೀರ್ಣವಾಗದ ತೊಂದರೆ. ಅಂಥವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ. ಹಾಲಿನ ಅಲರ್ಜಿಯುಳ್ಳವರಿಗೆ ಮಜ್ಜಿಗೆಯೂ ಸಲ್ಲದು. ಈ ಭೇದವನ್ನು ವೈದ್ಯರೇ ನಿರ್ಣಯಿಸಬೇಕು.

ಇದಕ್ಕೆ ತದ್ವಿರುದ್ಧವಾದ ತಪ್ಪು ಮೊಬೈಲಿನ ಮೂಲಕ ಮನೆ ಸೇರುತ್ತಿದೆ. ಗೋಧಿ ವಿಷ, ಹಾಲು ವಿಷ, ಸಿರಿಧಾನ್ಯವೊಂದೇ ಸರ್ವರೋಗಗಳಿಗೂ ಮದ್ದು ಎಂಬ ಪ್ರಚಾರವದು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ರಾಗಿ, ಜೋಳ, ನವಣೆ ಉತ್ತಮ ಆಹಾರವೆಂಬುದರಲ್ಲಿ ಸಂಶಯವಿಲ್ಲ. ಅವುಗಳಲ್ಲಿ ಗ್ಲುಟೆನ್ ಇಲ್ಲವಾದುದರಿಂದ ಸೀಲಿಯಾಕ್ ಕಾಯಿಲೆಯುಳ್ಳವರಿಗೆ ಅವು ಆಸರೆ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಅವರಿಗೆ ಆ ಹಿಟ್ಟೂ ಸಲ್ಲದು. (ವಿಡಿಯೊಗಳಲ್ಲಿ ಗಿರಣಿಯ ಮಾತೇ ಬರುವುದಿಲ್ಲ.) ಆರೋಗ್ಯವಂತ ಮಗುವಿನ ತಟ್ಟೆಯಿಂದ ಗೋಧಿ, ಹಾಲು, ಮೊಟ್ಟೆಗಳನ್ನು ಒಂದೊಂದಾಗಿ ತೆಗೆದರೆ ಕೊನೆಗೆ ಉಳಿಯುವುದು ಅನ್ನ ಮತ್ತು ತಿಳಿಸಾರು. ಯಾವುದೇ ಪಥ್ಯವು ಏನನ್ನು ಬಿಡಿಸುತ್ತದೆ, ಬದಲಿಗೆ ಏನನ್ನು ಕೊಡುತ್ತದೆ, ಅದನ್ನು ಹೇಳುವವರು ಯಾವ ಪುಡಿಯನ್ನು ಮಾರುತ್ತಿದ್ದಾರೆ ಎಂಬುದನ್ನು ವಿಚಾರಿಸಿದರೆ ಬಹುಪಾಲು ಸತ್ಯ ತಿಳಿಯುತ್ತದೆ.

ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ನೀಡುವ ವ್ಯವಸ್ಥೆ ಶಾಲೆಗಳಲ್ಲಿದೆ. ಶೇಂಗಾ ಒಗ್ಗದ ಮಗುವಿದ್ದರೆ ಅಡುಗೆಯವರಿಗೆ ಅದರ ಅರಿವಿದೆಯೇ, ಚಟ್ನಿಗೆ ಹಾಕಿದ ಸೌಟನ್ನೇ ಸಾಂಬಾರಿಗೂ ಅದ್ದುತ್ತಿರುವರೇ ಎಂಬುದನ್ನು ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಗಮನಿಸಬೇಕು. ವೈದ್ಯರು ದೃಢಪಡಿಸಿದ ಮಕ್ಕಳ ಪಟ್ಟಿ ಶಾಲೆ ಹಾಗೂ ಅಂಗನವಾಡಿಗಳ ಅಡುಗೆಯವರ ಬಳಿ ಇರಬೇಕು. ಪೊಟ್ಟಣದ ಆಹಾರದ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸುವುದು ಕಡ್ಡಾಯ. ಅದನ್ನು ಓದಿದ ಮೇಲೆಯೇ ಬಡಿಸಬೇಕು. ಪಟ್ಟಿಯನ್ನು ಪ್ರತಿ ವರ್ಷ ಶಾಲಾರಂಭದಲ್ಲಿ ಪರಿಷ್ಕರಿಸತಕ್ಕದ್ದು. ಹಾಲು, ಮೊಟ್ಟೆಗಳ ಅಲರ್ಜಿ ಅನೇಕ ಮಕ್ಕಳಲ್ಲಿ ಬೆಳೆಯುತ್ತಾ ನೀಗುತ್ತದೆ. ಶೇಂಗಾದ್ದು ಬಹುತೇಕರಲ್ಲಿ ಉಳಿದುಬಿಡುತ್ತದೆ.