ಹಣೆಯ ಮೇಲಿನ ಪಟ್ಟಿ ಮತ್ತು ಓಡುವ ಮನಸ್ಸು

ಕೂತಲ್ಲಿ ಕೂರಲಾರದ, ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಹೇಳಿಬಿಡುವ ಹುಡುಗನೊಬ್ಬ ನಿಮ್ಮ ತರಗತಿಯಲ್ಲಿ ಇರಬಹುದು. ಕಿಟಕಿಯಾಚೆ ನೋಡುತ್ತ ಪಾಠವನ್ನೇ ಮರೆಯುವ ಹುಡುಗಿಯೂ ಇರಬಹುದು. ‘ತುಂಟ’, ‘ಸೋಮಾರಿ’ ಎಂದು ಬೈಸಿಕೊಳ್ಳುವ ಇಂಥವರಲ್ಲಿ ಕೆಲವರಿಗೆ ಎ.ಡಿ.ಎಚ್.ಡಿ. ಇರುತ್ತದೆ. ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆಯೇ ಹೊರತು ಮಗುವಿನ ಹಟವಲ್ಲ.

ಇದಕ್ಕೆ ಮಾತ್ರೆಗಳಿವೆ. ಅನೇಕರಿಗೆ ಅವು ಉಪಯುಕ್ತ. ಆದರೆ ಕೆಲವರಲ್ಲಿ ಹಸಿವು, ನಿದ್ದೆ ಕುಗ್ಗುತ್ತವೆ. ಆದ್ದರಿಂದ ಮಾತ್ರೆಯಿಲ್ಲದ ದಾರಿಯನ್ನು ತಂದೆತಾಯಿಗಳು ಹುಡುಕುವುದು ಸಹಜವೇ. ಶಸ್ತ್ರಕ್ರಿಯೆಯಿಲ್ಲದೆ, ಚರ್ಮದ ಮೇಲಿನಿಂದಲೇ ಅತ್ಯಲ್ಪ ವಿದ್ಯುತ್ತಿನಿಂದ ಮಿದುಳನ್ನು ಪ್ರಚೋದಿಸುವುದು ಅಂಥದೊಂದು ದಾರಿ.

2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂಥ ಉಪಕರಣವೊಂದಕ್ಕೆ ಅನುಮತಿ ನೀಡಿತು. ಅದು 7ರಿಂದ 12 ವರ್ಷದ, ಈ ತೊಂದರೆಗೆ ಮಾತ್ರೆ ಸೇವಿಸದ ಮಕ್ಕಳಿಗಾಗಿ. ಮಲಗುವಾಗ ಹಣೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಮೊಬೈಲ್ ಫೋನಿನಷ್ಟು ದೊಡ್ಡ ಯಂತ್ರದಿಂದ ಬರುವ ವಿದ್ಯುತ್ತು ಮುಖದ ಟ್ರೈಜೆಮಿನಲ್ ನರವನ್ನು ತಟ್ಟಿ, ಅದರ ಮೂಲಕ ಮಿದುಳನ್ನು ಮುಟ್ಟಬೇಕು. ಅನುಮತಿಗೆ ಆಧಾರವಾದದ್ದು 62 ಮಕ್ಕಳ ಮೇಲೆ ನಾಲ್ಕು ವಾರ ನಡೆದ ಪ್ರಯೋಗ.

ಇಷ್ಟು ಸಾಕೇ? ಹೊಸ ಯಂತ್ರ ಬಂದಿತೆಂದರೆ ಮನೆಯವರಲ್ಲಿ ಭರವಸೆ ಮೂಡುತ್ತದೆ. ಆ ಭರವಸೆಯಿಂದಲೇ ಮಗು ಸುಧಾರಿಸಿದಂತೆ ಕಾಣಬಹುದು. ಅದಕ್ಕಾಗಿ ವಿಜ್ಞಾನಿಗಳು ಅರ್ಧ ಮಕ್ಕಳಿಗೆ ನಿಜವಾದ ಚಿಕಿತ್ಸೆ, ಉಳಿದರ್ಧಕ್ಕೆ ಹುಸಿ ಚಿಕಿತ್ಸೆ ಕೊಡುತ್ತಾರೆ. ಯಾರಿಗೆ ಯಾವುದೆಂದು ಮನೆಯವರಿಗೂ ತಿಳಿಯದು. ಬ್ರಿಟನ್ನಿನಲ್ಲಿ 8ರಿಂದ 18 ವರ್ಷದ 150 ಮಂದಿಯ ಮೇಲೆ ಇದೇ ಬಗೆಯ ದೊಡ್ಡ ಪರೀಕ್ಷೆ ನಡೆಯಿತು. 2026ರಲ್ಲಿ ಪ್ರಕಟವಾದ ಫಲಿತಾಂಶ: ಹುಸಿ ಚಿಕಿತ್ಸೆಗಿಂತ ನಿಜವಾದದ್ದು ಮೇಲೆಂದು ಕಾಣಲಿಲ್ಲ. ನೆತ್ತಿಯ ಮೂಲಕ ವಿದ್ಯುತ್ ಹರಿಸುವ ಇನ್ನೊಂದು ವಿಧಾನವನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನವರು 50 ಹುಡುಗರ ಮೇಲೆ ಪರೀಕ್ಷಿಸಿದ್ದರು. 2021ರಲ್ಲಿ ಪ್ರಕಟವಾದ ಆ ಫಲಿತಾಂಶವೂ ನಿರಾಶೆಯದೇ.

ಹಾಗಾದರೆ ಶ್ರಮವೆಲ್ಲ ವ್ಯರ್ಥವೇ? ಅಲ್ಲ. ‘ಇದರಿಂದ ಪ್ರಯೋಜನವಿಲ್ಲ’ ಎಂದು ತಿಳಿಯುವುದೂ ಜ್ಞಾನವೇ. ಅದು ಬಡ ತಂದೆತಾಯಿಗಳ ಹಣವನ್ನೂ ಮಗುವಿನ ಅಮೂಲ್ಯ ವರ್ಷಗಳನ್ನೂ ಉಳಿಸುತ್ತದೆ. ಬ್ಯಾಟರಿ, ತಂತಿ ಹಿಡಿದು ನೀವು ಮನೆಯಲ್ಲಿ ಇಂಥ ಪ್ರಯೋಗಕ್ಕೆ ಖಂಡಿತ ಕೈಹಾಕಬೇಡಿ. ಚಿಕಿತ್ಸೆಯ ಮಾತು ಮನೋವೈದ್ಯರಿಗಿರಲಿ.

ನಿಮ್ಮಿಂದ ಆಗುವುದೂ ಒಂದಿದೆ. ಆ ಗೆಳೆಯನನ್ನು ಮುಂದಿನ ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಿ. ಬಿಟ್ಟುಹೋದ ಸಾಲನ್ನು ತೋರಿಸಿಕೊಡಿ. ನಗಬೇಡಿ. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ.