ಹಳೆಯ ಟ್ಯಾಪಿಗೊಂದು ಹೊಸ ಹಿಡಿ



ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಹಿಡಿ ಕಳಚಿದ ಉಪಕರಣ ಒಂದಾದರೂ ಇರಬಹುದು. ಅದನ್ನು ಗುಜರಿಗೆ ಹಾಕುವ ಮೊದಲು ಇವತ್ತಿನ ನನ್ನ ಮಾತು ಕೇಳಿ.

ನನ್ನ ತಂದೆ ತಿಪಟೂರಿನಲ್ಲಿ 40 ವರ್ಷ ಬಡಗಿ ಕೆಲಸ ಮಾಡಿದವರು. ಅಮ್ಮ ತೀರಿಕೊಂಡ ಮೇಲೆ ಗ್ರೇಟರ್ ನೋಯ್ಡಾದ ನಮ್ಮ ಒಂಬತ್ತನೇ ಮಹಡಿಯ ಫ್ಲ್ಯಾಟಿಗೆ ಬಂದರು. ಹಿಂದಿ ಬಾರದು, ಕೈಗೆ ಕೆಲಸವಿಲ್ಲ. ದಿನವಿಡೀ ಬಾಲ್ಕನಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಊರಿನಿಂದ ತಂದದ್ದು ಒಂದೇ ಟ್ರಂಕು. ಅದರಲ್ಲಿ ತಾತನ ಕಾಲದ ಮರದ ವೈಸ್, ಜೊತೆಗೊಂದು ಟ್ಯಾಪ್.

ಟ್ಯಾಪ್ ಎಂದರೆ ನಲ್ಲಿಯಲ್ಲ. ಮರದ ತೂತಿನೊಳಗೆ ಸ್ಕ್ರೂ ಕೂರುವಂತೆ ಸುರುಳಿ ಕೊರೆಯುವ ಉಕ್ಕಿನ ಸಾಧನ. ಇಲ್ಲಿನ ಮಿಸ್ತ್ರಿಗಳು ಆ ಸುರುಳಿಗೆ ‘ಚೂಡಿ’ ಎನ್ನುತ್ತಾರೆ. ಬಳೆಗೂ ಅದೇ ಹೆಸರು. ಮರದಲ್ಲಿ ಹೀಗೆ ಒಳಸುರುಳಿ ಕೊರೆಯುವ ಸಾಧನವನ್ನು ಕ್ರಿ.ಶ. ಒಂದನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಹೀರೋ ವಿವರಿಸಿದ್ದಾನೆ.

ವೈಸಿನ ಉದ್ದನೆಯ ಮರದ ಸ್ಕ್ರೂ ಗಟ್ಟಿಯಾಗಿತ್ತು. ಅದು ತಿರುಗುವ ದಿಮ್ಮಿ ಮಾತ್ರ ಸೀಳಿತ್ತು. ಬೇರೆ ಟ್ಯಾಪ್ ಕೊಂಡರಾಯಿತಲ್ಲ ಅಂತ ನೀವು ಕೇಳಬಹುದು. ಕಬ್ಬಿಣದ ಸ್ಕ್ರೂಗಳಿಗೆ 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಒಂದೇ ಅಳತೆಯ ಪದ್ಧತಿಯನ್ನು ಮುಂದಿಟ್ಟ. ಹಳೆಯ ಮರಗೆಲಸದ ಟ್ಯಾಪುಗಳು ಹಾಗಲ್ಲ, ಒಂದೊಂದರದ್ದೂ ಒಂದೊಂದು ಅಳತೆ. ನಮ್ಮ ಸ್ಕ್ರೂಗೆ ಒಗ್ಗುವುದು ಆ ಟ್ಯಾಪ್ ಒಂದೇ. ಆದರೆ ಅದರ ಹಿಡಿಯನ್ನು ಗೆದ್ದಲು ತಿಂದಿತ್ತು.

ಅಪ್ಪ ಮಲಗಿದ್ದಾಗ ನಾನೇ ಜಾಣತನ ಮಾಡಿ, ಹೊಸ ದಿಮ್ಮಿಗೆ ತೂತು ಹಾಕಿಸಿ, ಟ್ಯಾಪಿನ ಚೌಕದ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಟ್ಯಾಪ್ ವಾಲಿತು, ದಿಮ್ಮಿ ಪಟಾರನೆ ಸೀಳಿತು. ಸದ್ದಿಗೆ ಎದ್ದು ಬಂದ ಅಪ್ಪ ಬೈಯಲಿಲ್ಲ. “ಒಂದೇ ಕಡೆಯಿಂದ ಎಳೆದರೆ ಹೀಗೇ ಆಗೋದು ಕಣಮ್ಮ. ಎರಡೂ ಕೈಗೆ ಸಮ ಕೆಲಸ ಕೊಡಬೇಕು” ಅಂದರು. ಎಷ್ಟೋ ದಿನಗಳ ಮೇಲೆ ಅವರಾಡಿದ ಉದ್ದದ ಮಾತು ಅದು.

ಮರುದಿನ ಕಾಸನಾ ಕಡೆಯ ಒಂದು ಮರದ ಅಂಗಡಿಗೆ ಹೋದೆವು. ಅಂಗಡಿಯವರು ಶೀಶಂ ತೋರಿಸಿದರು. ಅದು ನಮ್ಮ ಬೀಟೆಯ ದಾಯಾದಿ. ಅಪ್ಪ ಬೇಡವೆಂದು ತಲೆಯಾಡಿಸಿದರು. ಆಮೇಲೆ ಮೂಲೆಯಲ್ಲಿದ್ದ ‘ಕೀಕರ್’ ತುಂಡನ್ನು ಉಗುರಿನಿಂದ ಕೆರೆದು ನೋಡಿ, “ಇದು ನಮ್ಮ ಕರಿಜಾಲಿ!” ಎಂದರು. ಗಾಡಿಗೆ, ನೇಗಿಲಿಗೆ, ಕಾವಿಗೆ ನಮ್ಮೂರಲ್ಲಿ ಬಳಸುವ ಗಟ್ಟಿ ಮರ. ಹಿಂದಿ ಬಾರದ ಅಪ್ಪ ಅಂಗಡಿಯವರ ಜೊತೆ ಅರ್ಧ ಗಂಟೆ ಕೈಸನ್ನೆಯಲ್ಲೇ ಮಾತಾಡಿದರು.

ಹಿಡಿ ಮಾಡಿದ ಬಗೆ ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ನಮ್ಮದು ಒಂದಿಂಚಿನ ಟ್ಯಾಪ್. ಹಿಡಿ ಒಂದೂಕಾಲು ಅಡಿ ಉದ್ದ. ಮರದ ಎಳೆ ಉದ್ದಕ್ಕೇ ಹರಿದಿರಬೇಕು, ನಡುವೆ ಗಂಟು ಇರಬಾರದು. ಸರಿಯಾಗಿ ಮಧ್ಯಕ್ಕೆ ಗುರುತು ಹಾಕಿ, ಚೌಕದ ತೂತನ್ನು ಮೊದಲು ಚಿಕ್ಕದಾಗಿ ಕೊರೆದು, ಅರದಿಂದ ತೀಡುತ್ತಾ ಬಿಗಿಯಾಗಿ ಕೂರಿಸಬೇಕು. ಸಡಿಲವಾದರೆ ತೂತಿನ ಮೂಲೆಗಳು ಸವೆದು ಹಿಡಿ ಸುಮ್ಮನೆ ತಿರುಗುತ್ತದೆ. ತೀಡುವುದು ಮರವನ್ನು ಮಾತ್ರ, ಟ್ಯಾಪಿನ ತಲೆಯನ್ನಲ್ಲ. ನಡುಭಾಗ ದಪ್ಪಗಿರಲಿ, ತುದಿಗಳು ಅಂಗೈಗೆ ಹಿತವಾಗುವಂತೆ ದುಂಡಗಿರಲಿ. ಕೆಲವು ಟ್ಯಾಪುಗಳ ತಲೆಯಲ್ಲಿ ಕಣ್ಣು ಇರುತ್ತದೆ. ಅಂಥವಕ್ಕೆ ಕಣ್ಣಿನೊಳಗೆ ಬಿಗಿಯಾಗಿ ತೂರುವ ದುಂಡು ಕೋಲು ಸಾಕು.

ತಿರುಗಿಸುವಾಗ ತೂತಿಗೆ ಅಗಸೆ ಎಣ್ಣೆ ಸವರಿ. ಮೂಲೆಮಟ್ಟ ಇಟ್ಟು, ಟ್ಯಾಪ್ ನೆಟ್ಟಗಿದೆಯೇ ನೋಡಿ. ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ; ಆಗ ಹೊಟ್ಟು ಸಡಿಲಾಗುತ್ತದೆ, ಮರ ಸೀಳುವುದಿಲ್ಲ.

ಸಂಜೆಯ ಹೊತ್ತಿಗೆ ತಾತನ ಸ್ಕ್ರೂ ಹೊಸ ದಿಮ್ಮಿಯೊಳಗೆ ಸದ್ದಿಲ್ಲದೆ ಇಳಿಯಿತು. ಈಗ ಬಾಲ್ಕನಿಯಲ್ಲಿ ವೈಸ್ ಇದೆ. ಅಕ್ಕಪಕ್ಕದವರು ಕಾಲು ಮುರಿದ ಕುರ್ಚಿ ತರುತ್ತಾರೆ. ಅಪ್ಪ “ಕಲ್ ಆನಾ” ಅನ್ನುವಷ್ಟು ಹಿಂದಿ ಕಲಿತಿದ್ದಾರೆ.

ನಿಮ್ಮ ಟ್ರಂಕನ್ನೂ ಒಮ್ಮೆ ತೆರೆದು ನೋಡಿ. ಹಿಡಿಯ ಅಳತೆ ಬಲ್ಲವರು ಮನೆಯಲ್ಲಿದ್ದರೆ ಇವತ್ತೇ ಕೇಳಿಕೊಳ್ಳಿ.