ಹುನ್ನೂರಿನ ಕಡತಗಳಿಗೆ ಹುನ್ನೂರಿನಲ್ಲೇ ಒಂದು ಸರ್ವರ್



ಮುಧೋಳದಲ್ಲಿ ಹುಟ್ಟಿದ, ಹತ್ತನೆಯ ಶತಮಾನದ ಮಹಾಕವಿ ರನ್ನನ ಕಾವ್ಯವೂ ಸೇರಿದಂತೆ ಹಳಗನ್ನಡದ ಕೃತಿಗಳು ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಉಳಿದು ಬಂದುದರಿಂದ ಅವುಗಳಲ್ಲಿ ಪಾಠಾಂತರಗಳು ಸೇರಿಕೊಂಡವು. ಗ್ರಂಥಸಂಪಾದಕರು ದೊರೆತ ಪ್ರತಿಗಳನ್ನೆಲ್ಲ ಹೋಲಿಸಿ ಮೂಲಕ್ಕೆ ಹತ್ತಿರದ ಪಾಠವನ್ನು ನಿರ್ಣಯಿಸಬಲ್ಲರಾದರೂ, ಯಾವ ಲಿಪಿಕಾರನು ಯಾವ ಪದವನ್ನು ಎಂದು, ಏಕೆ ತಿದ್ದಿದನೆಂದು ಹೇಳುವುದು ಅವರಿಗೂ ಕಷ್ಟ. ಗಣಕಯಂತ್ರ ಬಂದ ಮೇಲೂ ಈ ತೊಡಕು ತಪ್ಪಿಲ್ಲ: ಒಂದೇ ಪ್ರಶ್ನೆಪತ್ರಿಕೆ, ಒಂದೇ ಸೀರೆಯ ವಿನ್ಯಾಸ 'ಫೈನಲ್', 'ಫೈನಲ್ 2', 'ಹೊಸ ಫೈನಲ್' ಎಂಬ ಹೆಸರುಗಳಲ್ಲಿ ಪೆನ್‌ಡ್ರೈವ್‌ಗಳ ತುಂಬ ಚದುರಿರುತ್ತದೆ. ಕಡತದ ಪ್ರತಿಯೊಂದು ತಿದ್ದುಪಡಿಯನ್ನೂ ತಿದ್ದಿದವರ ಹೆಸರು, ದಿನಾಂಕ, ಸಮಯ, ಕಾರಣಗಳೊಂದಿಗೆ ದಾಖಲಿಸಿ, ಬೇಕೆಂದಾಗ ಹಿಂದಿನ ಯಾವುದೇ ರೂಪವನ್ನು ಮರಳಿ ಒದಗಿಸುವ ವ್ಯವಸ್ಥೆಯನ್ನು ವರ್ಷನ್ ಕಂಟ್ರೋಲ್, ಅಂದರೆ ಆವೃತ್ತಿ ನಿಯಂತ್ರಣ ಎನ್ನುತ್ತಾರೆ. ಹುನ್ನೂರಿನ ಇಂದಿನ ಪ್ರದರ್ಶನದ ವಿಷಯ ಇದೇ.

ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಆರಂಭಿಸಿದ ಗಿಟ್ ಇಂದು ಈ ಬಗೆಯ ತಂತ್ರಾಂಶಗಳಲ್ಲಿ ಅತ್ಯಂತ ಬಳಕೆಯಲ್ಲಿದೆ. ಸರ್ವರ್‌ನಲ್ಲಿರುವ ಇಡೀ ಇತಿಹಾಸದ ಪ್ರತಿ ಒಂದೊಂದು ಡೆಸ್ಕ್‌ಟಾಪ್‌ನಲ್ಲಿಯೂ ಇರುವುದರಿಂದ, ಸರ್ವರ್ ಇರುವೆಡೆ ಕರೆಂಟ್ ಹೋದರೂ ಇಂಟರ್ನೆಟ್ ಕಡಿದರೂ ಕೆಲಸ ನಿಲ್ಲುವುದಿಲ್ಲ.

ಸರ್ವರ್ ಎಂದರೆ ಭಾರಿ ಯಂತ್ರವಾಗಬೇಕೆಂದಿಲ್ಲ. ಬಳಕೆ ತಪ್ಪಿದ ಡೆಸ್ಕ್‌ಟಾಪೊಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಗಿಟ್ ತಂತ್ರಾಂಶವನ್ನೂ, ದೂರದ ಗಣಕಕ್ಕೆ ಗುಪ್ತಲಿಪಿಯ ಮಾರ್ಗದಲ್ಲಿ ಪ್ರವೇಶ ಕೊಡುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವನ್ನೂ ಸ್ಥಾಪಿಸಿ, ಈ ಕೆಲಸಕ್ಕೆಂದೇ ಪ್ರತ್ಯೇಕ ಬಳಕೆದಾರ ಖಾತೆ ತೆರೆದು, ಅದರಲ್ಲಿ 'ಬೇರ್' ರೆಪೊಸಿಟರಿಯನ್ನು, ಅಂದರೆ ತಿದ್ದುವ ಕಡತಗಳಿಲ್ಲದೆ ಇತಿಹಾಸವನ್ನಷ್ಟೇ ಹೊತ್ತ ಭಂಡಾರವನ್ನು, ನಿರ್ಮಿಸಿದರೆ ಸಾಕು. ಸರ್ವರ್‌ನ ವಿಳಾಸ ದಿನಕ್ಕೊಂದಾಗದಂತೆ ರೂಟರ್‌ನಲ್ಲಿ 192.168.1.10ರಂಥ ಸ್ಥಿರ ಸಂಖ್ಯೆಯನ್ನು ಕಾಯ್ದಿರಿಸಬೇಕು.

ಸಂಪರ್ಕಿಸಬೇಕಾದ ಡೆಸ್ಕ್‌ಟಾಪ್‌ನಲ್ಲಿ ಗಿಟ್ ಸ್ಥಾಪಿಸಿ, ಜೋಡಿ ಕೀಲಿಗಳನ್ನು ಸೃಷ್ಟಿಸಬೇಕು. ಅವುಗಳಲ್ಲಿ ಸಾರ್ವಜನಿಕ ಕೀಲಿಯನ್ನು ಸರ್ವರ್‌ನ ಅನುಮತಿ ಕಡತಕ್ಕೆ ಸೇರಿಸಬೇಕು. ಖಾಸಗಿ ಕೀಲಿ ಆ ಡೆಸ್ಕ್‌ಟಾಪ್ ಬಿಟ್ಟು ಹೊರಗೆ ಹೋಗಬಾರದು. ಮುಂದೆ 'ಕ್ಲೋನ್' ಆದೇಶವು ಭಂಡಾರವನ್ನು ಇತಿಹಾಸಸಹಿತ ಇಳಿಸಿಕೊಳ್ಳುತ್ತದೆ, 'ಕಮಿಟ್' ತಿದ್ದುಪಡಿಯನ್ನು ಕಾರಣದೊಂದಿಗೆ ದಾಖಲಿಸುತ್ತದೆ, 'ಪುಶ್' ಅದನ್ನು ಸರ್ವರ್‌ಗೆ ಕಳುಹಿಸುತ್ತದೆ, 'ಪುಲ್' ಉಳಿದವರು ಮಾಡಿದ್ದನ್ನು ತಂದು ಸೇರಿಸುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಡತಕ್ಕೆ 'ಹುನ್ನೂರ' ಎಂದು ಹೆಸರಿಟ್ಟರೆ ಯೂನಿಕೋಡ್‌ನಲ್ಲಿ ಅದು 7 ಸಂಕೇತಗಳಾಗಿ, ಸಂಕೇತಕ್ಕೆ 3ರಂತೆ 21 ಬೈಟ್‌ಗಳಾಗಿ ಉಳಿಯುತ್ತದೆ. ಗಿಟ್ ತನ್ನ ಮೂಲ ಹೊಂದಾಣಿಕೆಯಲ್ಲಿ ಆ ಬೈಟ್‌ಗಳನ್ನು ಅಂಕಿಗಳಾಗಿ ತೋರಿಸುವುದರಿಂದ, ತೆರೆಯ ಮೇಲೆ 'ಹ' ಕಾಣಬೇಕಾದಲ್ಲಿ 340, 262, 271 ಎಂಬ ಸಂಖ್ಯೆಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಹೆದರಬೇಕಾಗಿಲ್ಲ. 'ಕೋರ್ ಕೋಟ್‌ಪಾತ್' ಎಂಬ ಆಯ್ಕೆಯನ್ನು 'ಫಾಲ್ಸ್' ಮಾಡಿದೊಡನೆ ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತವೆ.

ಸೀರೆಯ ನೇಯ್ಗೆಗೆ ಹೆಸರಾದ ರಬಕವಿ-ಬನಹಟ್ಟಿಯ ಅಗತ್ಯವಾದರೂ ಬೇರೆಯೇ ಬಗೆಯದು. ಒಂದೇ ಲೇಖನವನ್ನು ಇಬ್ಬರು ತಿದ್ದಿದರೆ ಗಿಟ್ ಎರಡನ್ನೂ ಸಾಲುಸಾಲಾಗಿ ಹೋಲಿಸಿ ಬೆಸೆಯಬಲ್ಲದು. ಆದರೆ ಹಾಸು-ಹೊಕ್ಕುಗಳ ಒಂದೊಂದು ಸಂಧಿಯೂ ಒಂದೊಂದು ಚುಕ್ಕೆಯಾಗಿರುವ ಜಕಾರ್ಡ್ ವಿನ್ಯಾಸದ ಚಿತ್ರವನ್ನು ಇಬ್ಬರು ಏಕಕಾಲಕ್ಕೆ ಬದಲಿಸಿದರೆ ಹಾಗೆ ಬೆಸೆಯಲಾಗದು, ಒಬ್ಬರ ಶ್ರಮ ವ್ಯರ್ಥವಾಗುತ್ತದೆ. ಇಂಥ ಕೆಲಸಕ್ಕೆ, 2000ದಲ್ಲಿ ಆರಂಭವಾದ ಸಬ್‌ವರ್ಷನ್ ಹೆಚ್ಚು ಒಪ್ಪುತ್ತದೆ. ಅದರ 'ಲಾಕ್' ಸೌಲಭ್ಯದಿಂದ ಒಬ್ಬರು ತಿದ್ದುತ್ತಿರುವಷ್ಟು ಹೊತ್ತು ಇತರರು ಆ ಕಡತವನ್ನು ಬದಲಿಸಿ ಸರ್ವರ್‌ಗೆ ಸೇರಿಸಲಾಗದಂತೆ ತಡೆಯಬಹುದು. ಉಪಕರಣದ ಕೀರ್ತಿಯನ್ನು ನೋಡದೆ ಕಡತದ ಸ್ವಭಾವವನ್ನು ನೋಡಿ ಆಯ್ಕೆ ಮಾಡುವುದೇ ವಿವೇಕ.

2008ರಿಂದ ಗಿಟ್‌ಹಬ್‌ನಂಥ ತಾಣಗಳಿರುವಾಗ ಸ್ವಂತ ಸರ್ವರ್ ಏಕೆ ಎಂಬ ಪ್ರಶ್ನೆ ಸಹಜ. ಅರವಿಂದ ವಿ. ಕೆ. ಅವರ 'ಗುಬ್ಬಿ', 'ನವಿಲು' ಫಾಂಟ್‌ಗಳಂತೆ ನಾಡಿಗೆಲ್ಲ ಹಂಚಬೇಕಾದುದಕ್ಕೆ ಅಂಥ ತಾಣವೇ ತಕ್ಕ ಜಾಗ. ಆದರೆ ಮಾರುಕಟ್ಟೆಗೆ ಬಾರದ ವಿನ್ಯಾಸ, ಪರೀಕ್ಷೆಗೆ ಮುಂಚಿನ ಪ್ರಶ್ನೆಪತ್ರಿಕೆ, ಸಂಘದ ಲೆಕ್ಕಪತ್ರಗಳು ಸಂಬಂಧಪಟ್ಟವರ ಅಂಕೆಯಲ್ಲೇ ಇರಬೇಕೆಂದರೆ ಊರಿನ ಸರ್ವರ್ ಬೇಕಾಗುತ್ತದೆ. ಅದರ ಹೊಣೆಯೂ ಊರಿನವರದೇ ಆಗಿರುವುದರಿಂದ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು, ಭಂಡಾರದ ಇನ್ನೊಂದು ಪ್ರತಿಯನ್ನು ಬೇರೊಂದು ಕಟ್ಟಡದಲ್ಲಿ ಕಾಪಾಡಬೇಕು.

ಪ್ರದರ್ಶನಕ್ಕೆ ಬಂದವರು ಬರೀ ನೋಡಿ ಹೋಗದೆ, ಇಲ್ಲಿನ ಡೆಸ್ಕ್‌ಟಾಪ್‌ನಿಂದ ಸರ್ವರ್‌ಗೆ ಒಂದು ಕಮಿಟ್ಟನ್ನಾದರೂ ಕಳುಹಿಸಿ, ತಿದ್ದುಪಡಿಯ ಕಾರಣವನ್ನು ಕನ್ನಡದಲ್ಲಿಯೇ ಬರೆಯಬೇಕೆಂಬ ವಿನಂತಿಯೊಂದಿಗೆ ಈ ಪ್ರದರ್ಶನವು ಉದ್ಘಾಟನೆಗೊಂಡಿದೆ ಎಂದು ಘೋಷಿಸಲಾಗುತ್ತಿದೆ.